ಜನ ಚದುರಿದ ಮೇಲೆ

ಮಕ್ಕಳೇ, ಹಂಚಿನಜ್ಜಿಯ ಒಳ್ಳೆಯ ಫೋಟೋ ಇದ್ದರೆ ಕೊಡಿ, ಸ್ಮರಣ ಸಂಚಿಕೆಗೆ ಬೇಕು ಅಂತ ಮೊನ್ನೆ ಆರಾಧನೆ ಮುಗಿದ ಮೇಲೆ ಕೇಳಿದಿರಿ. ನನ್ನಲ್ಲಿರುವುದು ಸುಗ್ಗಿ ಹಬ್ಬದ ಒಂದು ಗುಂಪು ಚಿತ್ರ. ಅದರಲ್ಲೂ ಅರ್ಧ ಮುಖ. ನೋಟವೆಲ್ಲ ಏಲಂಗೆ ಇಟ್ಟ ಬೂದುಗುಂಬಳದ ಮೇಲೆ.

ನಮ್ಮ ಸಂಚಿಕೆಗಳಲ್ಲಿ ಬರುವುದು ಗೊತ್ತೇ ಇದೆ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು, 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲರ ನಿಘಂಟು. ಎಲ್ಲ ಬೇಕಾದದ್ದೇ. ಆದರೆ ಹಂಚು ಹೊತ್ತ ಹೆಂಗಸರು ಯಾವ ಪುಟದಲ್ಲಿದ್ದಾರೆ? ಅಂಥದ್ದೇ ಒಂದು ಕಾರ್ಖಾನೆಯಲ್ಲಿ ಹೊತ್ತೂ ಹೊತ್ತೂ ಅಜ್ಜಿಯ ನಡುನೆತ್ತಿಯ ಕೂದಲು ಸವೆದುಹೋಗಿತ್ತು.

ಅವರ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್. ಸಾವಾದ ಮನೆಗೆ ಎಲ್ಲರ ಜೊತೆ ಹೋಗಿ ಬಂದವರು, ಮೂರು ವಾರ ಬಿಟ್ಟು ಬರುವ ಬುಧವಾರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರು. ನನ್ನವಳು ತೀರಿಕೊಂಡಾಗ ನನ್ನ ಮನೆಯ ಸುತ್ತೂ ಅಲ್ಲಿ ಬಿದ್ದಿತ್ತು. ನೆಂಟರೆಲ್ಲ ಹೋಗಿಯಾಗಿತ್ತು. ಅಜ್ಜಿ ಒಳಗೆ ಬಂದವರೇ, ಎರಡು ದಿನದಿಂದ ಹಾಗೇ ಬಿದ್ದಿದ್ದ ಪಾತ್ರೆ ತೊಳೆದು, ಕುಚ್ಚಲಕ್ಕಿ ಗಂಜಿ ಬೇಯಿಸಿ, ಒಣಮೀನು ಸುಟ್ಟು ಮುಂದಿಟ್ಟರು. ವಚನ ಓದಲಿಲ್ಲ, ಬುದ್ಧಿ ಹೇಳಲಿಲ್ಲ. "ಉಪ್ಪು ಸಾಕಾ?" ಅಂದರು. ಪ್ರಾರ್ಥನೆ ಮಾಡಿದ್ದು ನಾನು ಉಂಡು ಮುಗಿಸಿದ ಮೇಲೆ, ಅದೂ ಎರಡೇ ಮಾತು.

ನಾಲಿಗೆ ಮಾತ್ರ ಭಾರೀ ಖಾರ. ಏಲಂನಲ್ಲಿ ಕೈಕಟ್ಟಿ ಕೂತವರನ್ನು ಹೆಸರು ಹಿಡಿದೇ ಕೂಗುತ್ತಿದ್ದರು. ಅದೊಂದನ್ನು ನೀವು ಕಲಿಯುವುದು ಬೇಡ.

ಅವರ ಶವಸಂಸ್ಕಾರದ ದಿನ ನೀವು ಕುರ್ಚಿ ಹೊತ್ತಿರಿ, ಚಹಾ ಹಂಚಿದಿರಿ, ಸ್ಟೇಟಸ್ ಹಾಕಿದಿರಿ. ತಪ್ಪೆನ್ನಲಾರೆ. ಆದರೆ ಆ ದಿನ ಕೈಜೋಡಿಸುವವರು ನೂರು ಜನ ಇರುತ್ತಾರೆ. ನೀವು ಆಮೇಲೆ ಹೋಗಿ. ಹಿಂಡು ಕಟ್ಟಿಕೊಂಡು ಹೋಗಬೇಡಿ, ಇಬ್ಬರು ಸಾಕು. ಏನು ಹೇಳಲಿ ಅಂತ ದಾರಿಯುದ್ದಕ್ಕೂ ಯೋಚಿಸಬೇಡಿ. ಮಾತ್ರೆ ಮುಗಿದಿದೆಯಾ, ಗ್ಯಾಸ್ ಇದೆಯಾ ನೋಡಿ.

ಅಜ್ಜಿ ಹೋಗಿ ಮೂರು ವಾರವಾಯಿತು. ಅವರ ತಂಗಿ ಆ ಮನೆಯಲ್ಲಿ ಈಗ ಒಬ್ಬರೇ. ನಮ್ಮಲ್ಲಿ ಯಾರೂ ಆ ಕಡೆ ತಲೆ ಹಾಕಿಲ್ಲ, ನಾನೂ ಸೇರಿ. ಈ ಬುಧವಾರ ಇಬ್ಬರು ಬನ್ನಿ, ಒಟ್ಟಿಗೆ ಹೋಗುವ. ಬಾಗಿಲು ಜೋರಾಗಿ ತಟ್ಟಬೇಕು, ಅವರಿಗೆ ಕಿವಿ ಸ್ವಲ್ಪ ಮಂದ.