ಹೆಡ್‌ಲೈಟ್ ಮಬ್ಬಾಗಿದೆಯೇ? ಉಜ್ಜಿ, ಅಲ್ಲಿಗೇ ಬಿಡಬೇಡಿ

ಚೆನ್ನೈ ಬಿಸಿಲಿನಲ್ಲಿ ವರ್ಷಗಟ್ಟಲೆ ಬಯಲಲ್ಲೇ ನಿಂತ ಕಾರಿನ ಹೆಡ್‌ಲೈಟ್ ಹಳದಿಗಟ್ಟದೆ ಇರದು. ಹಳೆಯ ಅಂಬಾಸಿಡರ್, ಪದ್ಮಿನಿಗಳಿಗೆ ಈ ಕಾಟವಿರಲಿಲ್ಲ, ಅವುಗಳದ್ದು ಗಾಜು. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲು ಬಡಿದರೆ ಸುಲಭಕ್ಕೆ ಒಡೆಯದು, ಆದರೆ ಅತಿನೇರಳೆ ಕಿರಣವನ್ನು ತಾಳದು. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೊಂದು ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಆ ಲೇಪ ಸವೆದಾಗ ಮಬ್ಬು ಶುರುವಾಗುತ್ತದೆ. ಬೆಳಕು ರಸ್ತೆಗೆ ಬೀಳದೆ ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಮೊದಲು ಲೆನ್ಸ್ ಮೇಲೆ ನೀರು ಚಿಮುಕಿಸಿ ನೋಡಿ. ಒದ್ದೆ ಇರುವಷ್ಟು ಹೊತ್ತು ತಿಳಿಯಾಗಿ ಕಂಡರೆ ದೋಷ ಮೇಲ್ಮೈಯಲ್ಲಿದೆ, ಸರಿಯಾಗುತ್ತದೆ. ಒಳಗೆ ಹನಿ ಕಟ್ಟಿದ್ದರೆ ಅದು ಸೀಲ್ ಬಿಟ್ಟ ಲಕ್ಷಣ, ಎಷ್ಟು ಉಜ್ಜಿದರೂ ವ್ಯರ್ಥ.

ಸಾಮಾನಿಗೆ ಪ್ಯಾರೀಸ್ ಕಾರ್ನರ್‌ಗೆ ಹೋಗಿ, ಆದರೆ ಕಾರನ್ನು ಮನೆಯಲ್ಲೇ ಬಿಟ್ಟು. ಅಲ್ಲಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ದಿನದ ಕೆಲಸ. ಹೈಕೋರ್ಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಲಿಂಗಿ ಚೆಟ್ಟಿ ಬೀದಿ, ಸೆಂಬುದಾಸ್ ಬೀದಿಗಳ ಹಾರ್ಡ್‌ವೇರ್ ಅಂಗಡಿಗಳತ್ತ ನಡೆಯಿರಿ. ಭಾನುವಾರ ಬೇಡ, ಬಹುಪಾಲು ಬಾಗಿಲು ಹಾಕಿರುತ್ತವೆ. ಒದ್ದೆ ಮಾಡಿ ಉಜ್ಜುವ ಮರಳು ಕಾಗದವನ್ನು ‘ವಾಟರ್ ಪೇಪರ್’ ಎಂದು ಕೇಳಿ 800, 1500, 2000 ನಂಬರಿನ ಹಾಳೆಗಳನ್ನು, ಸಿಕ್ಕರೆ 3000ದ್ದನ್ನೂ ಕೊಳ್ಳಿ. ಜೊತೆಗೆ ಮಾಸ್ಕಿಂಗ್ ಟೇಪ್, ರಬ್ಬಿಂಗ್ ಕಾಂಪೌಂಡ್, ಐಸೊಪ್ರೊಪೈಲ್ ಆಲ್ಕೊಹಾಲ್, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ ಬೇಕು. ಕೊನೆಯದಕ್ಕೆ ಕಾರ್ ಪೇಂಟ್ ಅಂಗಡಿಯೇ ಗತಿ.

ಬೆಳಿಗ್ಗೆ ನೆರಳಲ್ಲಿ ಕೂತು ಸೋಪು ನೀರಿನಿಂದ ಲೆನ್ಸ್ ತೊಳೆಯಿರಿ. ಸುತ್ತಲಿನ ಬಣ್ಣಕ್ಕೆ ಎರಡು ಸುತ್ತು ಟೇಪ್ ಅಂಟಿಸಿ. ನೆನೆಸಿದ 800ರ ಹಾಳೆಯಿಂದ ಅಡ್ಡಡ್ಡ ಉಜ್ಜಿ. ಹಳದಿ ಹಾಲಿನಂಥ ನೀರು ಇಳಿಯುತ್ತದೆ. ಅದು ಬಿಳಿಯಾಗುವವರೆಗೂ ಬಿಡಬೇಡಿ. ಆಗ ಲೆನ್ಸ್ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಗಾಬರಿ ಬೇಡ. ಮುಂದೆ 1500, ಅದೂ ಉದ್ದುದ್ದ. ಹಿಂದಿನ ಗೆರೆಗಳೆಲ್ಲ ಅಳಿದ ಮೇಲೆ 2000, ಮತ್ತೆ ಅಡ್ಡ. 3000 ಸಿಕ್ಕಿದ್ದರೆ ಅದು ಮತ್ತೆ ಉದ್ದ. ಈ ದಿಕ್ಕು ಬದಲಿಸುವಿಕೆಯಲ್ಲಿ ಸೋಮಾರಿತನ ಮಾಡಿದರೆ ಉಳಿದ ಗೆರೆ ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ಕಾಂಪೌಂಡ್ ಹಾಕಿ ತಿಕ್ಕಿ.

ಬಹುತೇಕರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಆದರೆ ನೀವು ಹಳೆ ಲೇಪ ತೆಗೆದಿದ್ದೀರಿ, ಪ್ಲಾಸ್ಟಿಕ್ ಈಗ ಬೆತ್ತಲೆ. ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಚಿಕಿತ್ಸೆಯ ಹಣೆಬರಹವೂ ಇದೇ. ಸೊಳ್ಳೆ ಸ್ಪ್ರೇ, ಪೆಟ್ರೋಲ್, ಥಿನ್ನರ್‌ಗಳಂತೂ ಪಾಲಿಕಾರ್ಬೊನೇಟನ್ನೇ ತಿನ್ನುತ್ತವೆ.

ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕ್ಲಿಯರ್ ಕೋಟನ್ನು ತೆಳುವಾಗಿ ಎರಡು ಮೂರು ಸಲ ಸಿಂಪಡಿಸಿ, ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡುವು ಕೊಡಿ. ಕಡಲಗಾಳಿ ಬೀಸುವಾಗ, ತೇವ ಹೆಚ್ಚಿರುವಾಗ ಬೇಡ. ಧೂಳು ಅಂಟುತ್ತದೆ, ಬಿಳಿಚುತ್ತದೆ. ಹಾರ್ಡನರ್ ಬೆರೆಸುವ ‘ಟೂ ಕೆ’ ಬಗೆ ಹೆಚ್ಚು ಬಾಳುತ್ತದೆ, ಆದರೆ ಅದರಲ್ಲಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಬಟ್ಟೆಯ ಮಾಸ್ಕ್ ಸಾಲದು; ರೆಸ್ಪಿರೇಟರ್ ಇಲ್ಲದವರು ಅದನ್ನು ಪೇಂಟರ್ ಕೈಗೆ ಕೊಡುವುದೇ ಲೇಸು. ಸಿಂಪಡಿಸಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ.

ಇಷ್ಟಾದರೂ ಬೆಳಕು ಮಂಕಾಗಿದ್ದರೆ ಬಲ್ಬ್ ಹಿಂದಿನ ರಿಫ್ಲೆಕ್ಟರ್ ಸುಟ್ಟಿರಬಹುದು. ಅದನ್ನು ಉಜ್ಜಿದರೆ ಇದ್ದ ಹೊಳಪೂ ಹೋಗುತ್ತದೆ. ಪುದುಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಬೇರೆ ದೀಪ ಹುಡುಕಿ.