ಎರಡು ಮಹಾಯುದ್ಧಗಳ ನಡುವಣ ಗ್ರಂಥವಿಮರ್ಶೆ ಮತ್ತು ಬಳ್ಳಾರಿ ಸೀಮೆ

ಗ್ರಂಥವು ಅಚ್ಚಿನಮನೆಯಿಂದ ಹೊರಬಂದ ಮಾತ್ರಕ್ಕೆ ಸಾಹಿತ್ಯದ ಕಾರ್ಯ ಮುಗಿಯುವುದಿಲ್ಲ. ಅದನ್ನು ಓದಿ, ಗುಣದೋಷಗಳನ್ನು ತೂಗಿ, ನಿರ್ಣಯವನ್ನು ನಾಲ್ವರಿಗೆ ತಿಳಿಸುವವರಿದ್ದಾಗಲೇ ಅದು ಸಮಾಜದ ಸೊತ್ತಾಗುತ್ತದೆ. ಕನ್ನಡದಲ್ಲಿ ಈ ಕಾರ್ಯಕ್ಕೆ ಒಂದು ಶಿಸ್ತು ಒದಗಿದುದು ಬಹುಮಟ್ಟಿಗೆ ಎರಡು ಮಹಾಯುದ್ಧಗಳ ನಡುವಣ, ಎಂದರೆ 1918ರಿಂದ 1939ರವರೆಗಿನ ಅವಧಿಯಲ್ಲಿ. ಆ ಇತಿಹಾಸದಲ್ಲಿ ಬಳ್ಳಾರಿ ಸೀಮೆಗೆ ಸಂದ ಸ್ಥಾನವೇನು, ಅದರಿಂದ ಇಂದಿನ ಶಾಲೆಗಳು ಕಲಿಯಬೇಕಾದುದೇನು ಎಂಬುದು ವಿಚಾರಾರ್ಹವಾಗಿದೆ.

ಹಂಚಿಹೋದ ನಾಡು

ಆ ಕಾಲದಲ್ಲಿ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದ್ರಾಸು ಆಧಿಪತ್ಯಗಳು, ಹೈದರಾಬಾದು ಸಂಸ್ಥಾನ, ಕೊಡಗು ಮೊದಲಾದ ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಬಳ್ಳಾರಿ ಜಿಲ್ಲೆಯು ಮದ್ರಾಸು ಆಧಿಪತ್ಯಕ್ಕೆ ಸೇರಿತ್ತು; ಅದು ಮೈಸೂರಿಗೆ ಸೇರಿದುದು 1953ರ ಅಕ್ಟೋಬರ್ 1ರಂದು. ಕಚೇರಿಯಲ್ಲಿ ಇಂಗ್ಲಿಷು, ಬಳ್ಳಾರಿ ರಾಘವರಂಥ ಮಹಾನಟರಿಂದ ಬೆಳಗಿದ ರಂಗಭೂಮಿಯಲ್ಲಿ ತೆಲುಗು, ಮನೆ ಮಠಗಳಲ್ಲಿ ಕನ್ನಡ — ಹೀಗೆ ಇಲ್ಲಿಯ ವಿದ್ಯಾವಂತರ ಬಾಳು ಮೂರು ಭಾಷೆಗಳ ನಡುವೆ ನಡೆಯುತ್ತಿತ್ತು.

ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಪ್ರಕಟವಾದ ಪುಸ್ತಕವೊಂದು ಇಲ್ಲಿಗೆ ಬರುವುದು ಸುಲಭವಾಗಿರಲಿಲ್ಲ. ಬಳ್ಳಾರಿಗೆ ರೈಲುಮಾರ್ಗವಿತ್ತು, ತುಂಗಭದ್ರೆಯ ದಂಡೆಯ ಸಿರುಗುಪ್ಪಕ್ಕೂ ಸಿಂದ ಅರಸರ ಪ್ರಾಚೀನ ನೆಲೆಯಾದ ಕುರುಗೋಡಿಗೂ ಅಲ್ಲಿಂದ ಮುಂದೆ ರಸ್ತೆಯೇ ಗತಿ. ಇಂಥ ಊರುಗಳ ಓದುಗನಿಗೆ ಹೊಸ ಗ್ರಂಥದ ಸುದ್ದಿಯನ್ನೂ ಅದರ ಯೋಗ್ಯತೆಯನ್ನೂ ತಿಳಿಸಬಲ್ಲ ಸಾಧನವೆಂದರೆ ಅಂಚೆಯಲ್ಲಿ ಬರುವ ಪತ್ರಿಕೆ. ಪತ್ರಿಕೆಗೂ ಬಳ್ಳಾರಿಗೂ ಇದ್ದ ನಂಟು ಹಳೆಯದು. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಟ ಕನ್ನಡದ ಮೊದಲ ಪತ್ರಿಕೆಯು 1844ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿ ಮೊಳೆಯಚ್ಚಿನಲ್ಲಿ ಮುದ್ರಿತವಾಯಿತು.

ವಿಮರ್ಶೆಯ ಶಿಸ್ತು

1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಮರುವರ್ಷ ಪರಿಷತ್ಪತ್ರಿಕೆ ಆರಂಭವಾಯಿತು. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ವು ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಬಂದಿತು. 1920ರ ದಶಕದಲ್ಲಿ ಧಾರವಾಡದಿಂದ ಆಲೂರು ವೆಂಕಟರಾಯರ ‘ಜಯಕರ್ನಾಟಕ’ವು ಪ್ರಕಟವಾಗತೊಡಗಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮ್ಮ ಲೇಖನಸಂಪುಟಗಳಿಗೆ ‘ವಿಮರ್ಶೆ’ ಎಂದೇ ಹೆಸರಿಟ್ಟುದು ಆ ಕಾಲದ ಮನೋಧರ್ಮಕ್ಕೆ ಸಾಕ್ಷಿ.

ಪತ್ರಿಕೆಗೆ ಬಂದ ಪುಸ್ತಕವನ್ನು ಎರಡು ಬಗೆಯಾಗಿ ಕಾಣುವ ಪದ್ಧತಿಯುಂಟು. ‘ಸಾದರ ಸ್ವೀಕಾರ’ದಲ್ಲಿ ಗ್ರಂಥದ ಹೆಸರು, ಕರ್ತೃ, ಪುಟ, ಬೆಲೆಗಳಷ್ಟೇ ಬರುತ್ತವೆ, ‘ಗ್ರಂಥವಿಮರ್ಶೆ’ಯಲ್ಲಿ ತೀರ್ಪು ಬರುತ್ತದೆ. ಮೊದಲನೆಯದು ಸೌಜನ್ಯ, ಎರಡನೆಯದು ಹೊಣೆ. ಲಂಡನ್ನಿನ ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ ಪತ್ರಿಕೆಯಲ್ಲಿ ಆಗ ವಿಮರ್ಶಕನ ಹೆಸರು ಅಚ್ಚಾಗುತ್ತಿರಲಿಲ್ಲ. ಟಿ. ಎಸ್. ಎಲಿಯಟ್ಟರ ‘ಕ್ರೈಟೀರಿಯನ್’ 1922ರಿಂದ 1939ರವರೆಗೆ ನಡೆದು, ಯುದ್ಧದ ಹೊಸ್ತಿಲಲ್ಲಿ ನಿಂತುಹೋಯಿತು. ಕನ್ನಡದ ಸಾಹಿತ್ಯಲೋಕವಾದರೋ ಚಿಕ್ಕದು. ಬರೆದವರು, ವಿಮರ್ಶಿಸಿದವರು, ಓದಿದವರು ಒಬ್ಬರಿಗೊಬ್ಬರು ಪರಿಚಿತರು. ಇಲ್ಲಿಯ ವಿಮರ್ಶಕನು ಮೊದಲು ಗೆಲ್ಲಬೇಕಾದುದು ದಾಕ್ಷಿಣ್ಯವನ್ನು. ವ್ಯಕ್ತಿಯಲ್ಲಿ ಗೌರವವನ್ನಿಟ್ಟುಕೊಂಡೇ ಕೃತಿಯ ದೋಷವನ್ನು ಸಕಾರಣವಾಗಿ ಹೇಳುವ ರೀತಿಯನ್ನು ರೂಢಿಸುವುದು ಆ ತಲೆಮಾರಿನ ಮುಂದಿದ್ದ ಕಠಿನ ಕಾರ್ಯವಾಗಿತ್ತು.

ಬಳ್ಳಾರಿಯ ಎರಡು ಸಮ್ಮೇಳನಗಳು

ಈ ಅವಧಿಯಲ್ಲಿ ಬಳ್ಳಾರಿ ನಗರದಲ್ಲಿ ಎರಡು ಸಾಹಿತ್ಯ ಸಮ್ಮೇಳನಗಳು ನಡೆದವು. 1926ರಲ್ಲಿ ಫ. ಗು. ಹಳಕಟ್ಟಿಯವರು, 1938ರಲ್ಲಿ ರಂಗನಾಥ ದಿವಾಕರರು ಅಧ್ಯಕ್ಷರಾಗಿದ್ದರು. ಇಬ್ಬರೂ ಪತ್ರಿಕಾ ಸಂಪಾದಕರೆಂಬುದು ಗಮನಾರ್ಹ. ದಿವಾಕರರು 1921ರಲ್ಲಿ ‘ಕರ್ಮವೀರ’ವನ್ನು ಆರಂಭಿಸಿದವರು, ‘ವಚನಶಾಸ್ತ್ರ ರಹಸ್ಯ’ವನ್ನು ರಚಿಸಿದವರು. ಹಳಕಟ್ಟಿಯವರು ಬಳ್ಳಾರಿಯ ಅಧ್ಯಕ್ಷಪೀಠವನ್ನು ಅಲಂಕರಿಸಿದ ವರ್ಷವೇ ವಿಜಯಪುರದಿಂದ ‘ಶಿವಾನುಭವ’ ಪತ್ರಿಕೆಯನ್ನು ಹೊರತಂದರು.

ಹಳಕಟ್ಟಿಯವರ ಕಾರ್ಯವು ವಿಮರ್ಶೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ವೃತ್ತಿಯಿಂದ ವಕೀಲರಾದ ಅವರು ತಾಳೆಗರಿಯ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು; 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಇಂಥ ಸಾಹಿತ್ಯದ ವಿಷಯದಲ್ಲಿ “ಕೃತಿ ಚೆನ್ನಾಗಿದೆಯೇ?” ಎಂಬ ಪ್ರಶ್ನೆಗೆ ಮುಂಚೆ “ಪಾಠ ಶುದ್ಧವಾಗಿದೆಯೇ?” ಎಂಬ ಪ್ರಶ್ನೆ ಏಳುತ್ತದೆ. ಈ ವಚನ ಯಾರದು, ಅಂಕಿತ ಸರಿಯೇ, ಪ್ರತಿಕಾರನು ಎಲ್ಲಿ ತಪ್ಪಿದ್ದಾನೆ, ಎರಡು ಪ್ರತಿಗಳಲ್ಲಿ ಭೇದವಿದ್ದರೆ ಯಾವುದು ಗ್ರಾಹ್ಯ? ತಾಳೆಗರಿಯು ಮಠದ ಪೆಟ್ಟಿಗೆಯಲ್ಲಿದ್ದಷ್ಟು ಕಾಲ ಅದಕ್ಕೆ ಪೂಜೆ ಸಲ್ಲುತ್ತಿತ್ತು. ಅಚ್ಚಾಗಿ ಪತ್ರಿಕೆಯಲ್ಲಿ ಬಂದ ಮೇಲೆ ಅದಕ್ಕೆ ಪರೀಕ್ಷೆಯೂ ಒದಗಿತು. ಪರೀಕ್ಷೆಯಿಂದ ವಚನಗಳ ಗೌರವವು ಕುಗ್ಗಲಿಲ್ಲ, ಹೆಚ್ಚಿತು. ಹಲವು ವಿದ್ವಾಂಸರು ದಶಕಗಳ ಕಾಲ ನಡೆಸಿದ ಇಂಥ ಪರಿಶೋಧನೆಯು ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ 15 ಸಮಗ್ರ ವಚನ ಸಂಪುಟಗಳಿಗೆ ತಳಹದಿಯಾಯಿತು.

ಶಾಲೆಗಳ ಕರ್ತವ್ಯ

ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಸ್ಥಾಪಿತವಾದುದು 1916ರಲ್ಲಿ. ಅದರ ಕಾಲೇಜು ಆರಂಭವಾದುದು 1945ರಲ್ಲಿ. ಈ ಮೂರು ದಶಕಗಳ ಅಂತರದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಲಾರದ ಗ್ರಾಮಾಂತರದ ಕನ್ನಡ ಓದುಗನಿಗೆ ಸಾಹಿತ್ಯ ಪತ್ರಿಕೆಯೇ ಉಚ್ಚಶಿಕ್ಷಣದ ಬಾಗಿಲಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಆ ಶಿಸ್ತನ್ನು ತರಗತಿಗೆ ತರುವುದು ಕಷ್ಟವಲ್ಲ. ವಿದ್ಯಾರ್ಥಿಯು ಗ್ರಂಥಾಲಯದ ಒಂದು ಪುಸ್ತಕವನ್ನು ಪೂರ್ತಿ ಓದಲಿ. ಕರ್ತೃವಿನ ಉದ್ದೇಶವನ್ನು ಮೊದಲು ನ್ಯಾಯವಾಗಿ ಹೇಳಲಿ. ಮೆಚ್ಚಿದುದಕ್ಕೂ ಮೆಚ್ಚದುದಕ್ಕೂ ಪುಟವನ್ನು ತೋರಿಸಿ ಕಾರಣ ಕೊಡಲಿ. ಕೃತಿಯನ್ನು ಕುರಿತು ಮಾತನಾಡಲಿ, ವ್ಯಕ್ತಿಯನ್ನು ಕುರಿತಲ್ಲ. ಇಷ್ಟನ್ನು ಒಂದು ಪುಟದಲ್ಲಿ ಬರೆಯಬಲ್ಲ ಬಾಲಕನು ಮುಂದೆ ಯಾವ ಪ್ರಚಾರಕ್ಕೂ ಸುಲಭವಾಗಿ ಮರುಳಾಗುವುದಿಲ್ಲ.

ಇನ್ನೊಂದು ಕಾರ್ಯಕ್ಕೆ ವಿಳಂಬ ಸಲ್ಲದು. ಆ ಕಾಲದ ಪತ್ರಿಕೆಗಳ ಕಾಗದವು ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿದೆ. ಸಿರುಗುಪ್ಪ, ಕುರುಗೋಡುಗಳ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ, ಮಠಗಳ ಪೆಟ್ಟಿಗೆಗಳಲ್ಲಿ ಅಂಥ ಸಂಚಿಕೆಗಳಿದ್ದರೆ, ಅವು ರದ್ದಿಗೆ ಹೋಗುವ ಮುನ್ನ ಗ್ರಂಥಾಲಯಕ್ಕೆ ಸೇರಬೇಕು; ಛಾಯಾಪ್ರತಿಗಳಾಗಬೇಕು. ಹಳೆಯ ವಿದ್ಯಾರ್ಥಿಗಳು ತಂದುಕೊಡುವ ಒಂದು ಸಂಚಿಕೆಯೂ, ದಾನಿಗಳು ಒದಗಿಸುವ ಒಂದು ಕಪಾಟೂ ಇಲ್ಲಿ ದೊಡ್ಡ ಸೇವೆಯೇ. ಹಿಂದಿನವರು ತಾಳೆಗರಿಯನ್ನು ಅಚ್ಚಿಗೆ ತಂದು ಉಳಿಸಿದರು. ಆ ಅಚ್ಚನ್ನು ಉಳಿಸುವ ಸರದಿ ಈಗಿನವರದು.