ರಕ್ತದೊತ್ತಡವೂ ನಿತ್ಯವ್ಯಾಯಾಮವೂ

ವ್ಯಾಯಾಮವೆಂಬ ಶಬ್ದವು 'ಯಮ್' ಧಾತುವಿಗೆ 'ವಿ', 'ಆ' ಎಂಬ ಎರಡು ಉಪಸರ್ಗಗಳು ಸೇರಿ ನಿಷ್ಪನ್ನವಾದುದು. ನಿಯಮ, ಸಂಯಮ ಎಂಬ ಶಬ್ದಗಳೂ ಇದೇ ಧಾತುವಿನ ಮಕ್ಕಳು. ಲೋಕವ್ಯವಹಾರದಲ್ಲಿ ಮಾತ್ರ ಈ ಒಡಹುಟ್ಟಿದವರು ಬೇರೆ ಬೇರೆ ಮನೆ ಮಾಡಿದ್ದಾರೆ. ವ್ಯಾಯಾಮವು ತರುಣರ ಕಸರತ್ತು, ನಿಯಮವು ಹಿರಿಯರ ಪೂಜೆ-ಪುನಸ್ಕಾರ ಎಂದು ಜನರು ಪಾಲು ಹಂಚಿಬಿಟ್ಟಿದ್ದಾರೆ. ನಲವತ್ತು ದಾಟಿದವರ ರಕ್ತದೊತ್ತಡದ ವಿಚಾರ ಬಂದಾಗ ಇವೆರಡನ್ನೂ ಮತ್ತೆ ಒಂದೇ ಮನೆಗೆ ಕರೆತರುವುದು ಅವಶ್ಯವಾಗುತ್ತದೆ.

ಹೃದಯವು ಸಂಕೋಚಗೊಂಡು ರಕ್ತವನ್ನು ನೂಕಿದಾಗ ಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡವೇ ಮೇಲಿನ ಅಂಕಿ. ಅದು ವಿಶ್ರಮಿಸಿದಾಗ ಉಳಿಯುವ ಒತ್ತಡವೇ ಕೆಳಗಿನ ಅಂಕಿ. ಸ್ಟೀಫನ್ ಹೇಲ್ಸ್ ಎಂಬ ಆಂಗ್ಲ ಪಾದ್ರಿಯು ಕುದುರೆಯ ಧಮನಿಗೆ ನಳಿಗೆ ಸೇರಿಸಿ ರಕ್ತವು ಎಷ್ಟು ಎತ್ತರಕ್ಕೆ ಏರುವುದೆಂದು ಅಳೆದು, ಆ ವೃತ್ತಾಂತವನ್ನು 1733ರಲ್ಲಿ ಪ್ರಕಟಿಸಿದನು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಕರಣವನ್ನು 1896ರಲ್ಲಿ ಇಟಲಿಯ ರಿವಾ-ರೊಚ್ಚಿ ರೂಪಿಸಿದನು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಅದಕ್ಕೆ ಸ್ಟೆಥಾಸ್ಕೋಪನ್ನು ಜೋಡಿಸಿ ಎರಡೂ ಅಂಕಿಗಳನ್ನು ಕಿವಿಯಿಂದ ಗುರುತಿಸುವ ವಿಧಾನವನ್ನು ತೋರಿಸಿಕೊಟ್ಟನು. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನದು 140ನ್ನು ಅಥವಾ ಕೆಳಗಿನದು 90ನ್ನು ಮುಟ್ಟಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸಲಾಗುತ್ತದೆ.

ಈ ವ್ಯಾಧಿಯ ಕಪಟವಿರುವುದು ಅದರ ಮೌನದಲ್ಲಿ. ಹಲ್ಲು ನೊಂದರೆ ರಾತ್ರಿಯೇ ವೈದ್ಯನ ಬಾಗಿಲು ತಟ್ಟುವ ಮನುಷ್ಯನು ಹತ್ತು ವರ್ಷ ಏರಿದ ಒತ್ತಡವನ್ನು ಹೊತ್ತು ನಿಶ್ಚಿಂತನಾಗಿ ತಿರುಗಾಡುತ್ತಾನೆ. ಜಗತ್ತಿನಲ್ಲಿ 30ರಿಂದ 79ರ ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಈ ತೊಂದರೆಯಿದೆಯೆಂದೂ ಅವರಲ್ಲಿ ಅರ್ಧದಷ್ಟು ಜನರಿಗೆ ಅದರ ಅರಿವೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿತು. ಅರಿವಾಗುವುದು ಬಹುಶಃ ಲಕ್ವಾ ಹೊಡೆದ ದಿನ, ಇಲ್ಲವೆ ಮೂತ್ರಪಿಂಡ ಸೋತ ದಿನ. ಪಾಠ ಹೇಳುತ್ತಿದ್ದ ನಾಲಗೆ ಒಂದು ಬೆಳಗ್ಗೆ ತೊದಲತೊಡಗಿದರೆ, ದುಡಿಯುವ ಬಲಗೈ ಜೋತುಬಿದ್ದರೆ, ಆ ಮನೆಯ ಗತಿಯೇ ಬದಲಾಗುತ್ತದೆ.

ನಮ್ಮ ಬಾಗಲಕೋಟೆ ಸೀಮೆಯವರು ದುಡಿಮೆಗಾರರು. ಇವರಿಗೆ ಪ್ರತ್ಯೇಕ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜ. ಆದರೆ ದುಡಿಮೆಯ ರೀತಿಯೇ ಬದಲಾಗಿದೆ. ಹುನಗುಂದದ ಎರೆಭೂಮಿಯಲ್ಲಿ ಎತ್ತಿನ ಹಿಂದೆ ದಿನವೆಲ್ಲ ನಡೆಯುತ್ತಿದ್ದ ರೈತನ ಎಷ್ಟೋ ಕೆಲಸವನ್ನು ಟ್ರ್ಯಾಕ್ಟರು ಮಾಡುತ್ತದೆ. ಜೋಳ, ಕಡಲೆಗಳ ರಾಶಿ ಮುಗಿದ ಮೇಲೆ ಮಳೆ ಬರುವತನಕ ಕಟ್ಟೆಯ ಮೇಲಿನ ಮಾತೇ ಅವನ ಕೆಲಸ. ಇಳಕಲ್ಲಿನ ಕುಣಿಮಗ್ಗದಲ್ಲಿ ನೇಕಾರನ ಕೈಕಾಲುಗಳು ಆಡುವುದು ನಿಜ. ಆದರೆ ದೇಹವು ಗಂಟೆಗಟ್ಟಲೆ ಕುಣಿಯ ಅಂಚಿನಲ್ಲಿ ಕುಳಿತೇ ಇರುತ್ತದೆ. ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಸಂತೆ, ಗುಡಿ, ಶಾಲೆಗಳೆಲ್ಲ ಕಾಲುನಡಿಗೆಯ ಅಳತೆಯಲ್ಲಿದ್ದವು. ಆ ಊರಿನ ದೊಡ್ಡ ಭಾಗವು ಆಲಮಟ್ಟಿಯ ಹಿನ್ನೀರಿಗೆ ಸಂದು, ಜನರು ನವನಗರದ ವಿಶಾಲ ರಸ್ತೆಗಳಿಗೆ ಬಂದ ಮೇಲೆ, ತರಕಾರಿ ತರುವುದಕ್ಕೂ ಮೋಟಾರು ಸೈಕಲ್ ಬೇಕಾಯಿತು. ಬೀಸುಕಲ್ಲು, ಒರಳುಗಳು ಮೂಲೆ ಸೇರಿರುವಾಗ 'ಮನೆಗೆಲಸವೇ ಸಾಕಷ್ಟು ವ್ಯಾಯಾಮ' ಎಂಬ ಗೃಹಿಣಿಯರ ಮಾತೂ ಮೊದಲಿನಷ್ಟು ಸತ್ಯವಲ್ಲ. ಇನ್ನು ಅಧ್ಯಾಪಕ, ಗುಮಾಸ್ತ, ವ್ಯಾಪಾರಿಗಳ ಮಾತನ್ನು ಆಡದಿರುವುದೇ ಲೇಸು.

ಕುಳಿತ ಕೆಲಸದ ಹಾನಿಯನ್ನು ಸ್ಪಷ್ಟವಾಗಿ ತೋರಿಸಿದ ಶೋಧನೆಯೊಂದು ಲಂಡನ್ನಿನ ಬಸ್ಸುಗಳಲ್ಲಿ ನಡೆಯಿತು. ಡಾ. ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಚೀಟಿ ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಅದೇ ಬಸ್ಸು, ಅದೇ ಬೀದಿ. ವ್ಯತ್ಯಾಸವೆಂದರೆ ಒಬ್ಬನ ಕಾಲು ಆಡುತ್ತಿತ್ತು. ಆ ಶೋಧನೆಯ ವಿಷಯ ಹೃದ್ರೋಗ. ರಕ್ತದೊತ್ತಡದ ಮಟ್ಟಿಗೆ ಹೇಳುವುದಾದರೆ, ನಡಿಗೆಯಂತಹ ವ್ಯಾಯಾಮವನ್ನು ಕ್ರಮವಾಗಿ ಮಾಡಿದ ಅಧಿಕ ಒತ್ತಡದವರಲ್ಲಿ ಮೇಲಿನ ಅಂಕಿಯು ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುವುದೆಂದು ನಂತರದ ಅನೇಕ ಅಧ್ಯಯನಗಳು ಕಂಡುಕೊಂಡಿವೆ. ರಕ್ತವು ರಭಸವಾಗಿ ಹರಿದಾಗ ಧಮನಿಯ ಒಳಪದರವು ಅದನ್ನು ಸಡಿಲಗೊಳಿಸುವ ದ್ರವ್ಯವನ್ನು ಸ್ರವಿಸುತ್ತದೆ. ನರಗಳ ಉದ್ವೇಗ ತಗ್ಗುತ್ತದೆ. ಬಲಗೊಂಡ ಹೃದಯವು ಕಡಿಮೆ ಬಡಿತಗಳಲ್ಲಿಯೇ ತನ್ನ ಕೆಲಸವನ್ನು ಪೂರೈಸುತ್ತದೆ.

ಈ ಫಲವು ಕೂಡಿಡಲು ಬಾರದ ಧನ. ಒಂದು ಹೊತ್ತಿನ ನಡಿಗೆಯಿಂದ ಇಳಿದ ಒತ್ತಡವು ಕೆಲವು ಗಂಟೆಗಳು, ಹೆಚ್ಚೆಂದರೆ ಒಂದು ದಿನದವರೆಗೆ ಹಾಗೆಯೇ ಇದ್ದು, ಬಳಿಕ ಮೇಲೇರುತ್ತದೆ. ತಿಂಗಳುಗಳ ಅಭ್ಯಾಸದಿಂದ ಬಂದ ಲಾಭವೂ ಅಭ್ಯಾಸ ಬಿಟ್ಟ ಕೆಲವೇ ವಾರಗಳಲ್ಲಿ ಕರಗುತ್ತದೆ. ಯುಗಾದಿಯ ಮುಂಚೆ ನಮ್ಮ ಭಾಗದಿಂದ ಶ್ರೀಶೈಲ ಮಲ್ಲಯ್ಯನ ಸನ್ನಿಧಿಗೆ ನೂರಾರು ಕಿಲೋಮೀಟರ್ ನಡೆದುಹೋಗುವ ಭಕ್ತರನ್ನು ಎಲ್ಲರೂ ಬಲ್ಲರು. ಭಕ್ತಿಯ ದೃಷ್ಟಿಯಿಂದ ಆ ನಡಿಗೆಗೆ ಸರಿಸಾಟಿಯಿಲ್ಲ. ಧಮನಿಗಳ ದೃಷ್ಟಿಯಿಂದ ನೋಡಿದರೆ ಮಾತ್ರ, ಹನ್ನೊಂದು ತಿಂಗಳು ಗಾದಿಯ ಮೇಲೆ ಕುಳಿತು ಹನ್ನೆರಡನೆಯ ತಿಂಗಳು ಶ್ರೀಶೈಲಕ್ಕೆ ಹೊರಡುವವನಿಗಿಂತ, ದಿನವೂ ಊರ ಹೊರಗಿನ ಗುಡಿಯವರೆಗೆ ಹೋಗಿಬರುವವನು ಸುರಕ್ಷಿತನು. ಯಾತ್ರೆಗೆ ಹೊರಡುವ ಹಿರಿಯರು ಎರಡು-ಮೂರು ತಿಂಗಳು ಮೊದಲೇ ನಿತ್ಯ ನಡಿಗೆಯನ್ನು ಆರಂಭಿಸಿ, ಮರಳಿದ ಮೇಲೂ ಅದನ್ನು ಬಿಡದಿದ್ದರೆ ಎರಡೂ ಲಾಭ ಕೈಗೂಡುತ್ತವೆ. ವಾರಕ್ಕೆ 150 ನಿಮಿಷಗಳಷ್ಟಾದರೂ ಸಾಧಾರಣ ಶ್ರಮದ ವ್ಯಾಯಾಮವಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ: ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ. ಒಮ್ಮೆಗೇ ಆಗದವರು ಹತ್ತು ಹತ್ತು ನಿಮಿಷದಂತೆ ಮೂರು ಸಲ ಮಾಡಿದರೂ ಸಲ್ಲುತ್ತದೆ.

ಸಾಧಾರಣ ಶ್ರಮವೆಂದರೆ ಎಷ್ಟು? ಇದಕ್ಕೆ ಪ್ರಾಚೀನರೇ ಸೊಗಸಾದ ಅಳತೆಗೋಲನ್ನು ಇಟ್ಟಿದ್ದಾರೆ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತನೂ ವಾಗ್ಭಟನೂ ವಿಧಿಸುತ್ತಾರೆ. ಬಾಯಿಂದ ಉಸಿರು ಬಿಡುವಂತಾದರೆ ಅರ್ಧಬಲ ವ್ಯಯವಾಯಿತೆಂದು ತಿಳಿಯಬೇಕೆಂಬುದು ಸುಶ್ರುತನ ಲಕ್ಷಣ. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು ಎಂದು ಇಂದಿನ ವೈದ್ಯರು ಹೇಳುವ ಪರೀಕ್ಷೆ ಇದರ ಹತ್ತಿರದ ಬಂಧು. ಬಾದಾಮಿಯವರಿಗೆ ಅಗಸ್ತ್ಯತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಗಳವರೆಗಿನ ನಡಿಗೆ ಈ ಅಳತೆಗೆ ಸರಿಹೊಂದುತ್ತದೆ. ಗುಹಾಲಯಗಳ ಮೆಟ್ಟಿಲುಗಳನ್ನು ಮೊದಲ ದಿನವೇ ಬಿರುಸಾಗಿ ಏರುವುದು ಹೊಂದುವುದಿಲ್ಲ. ಗರಡಿಮನೆಯ ಹಳೆಯ ಪೈಲವಾನರಿಗೂ ಒಂದು ಮಾತು. ಉಸಿರು ಬಿಗಿಹಿಡಿದು ಸಂಗ್ರಾಣಿ ಕಲ್ಲನ್ನೆತ್ತುವಾಗ ರಕ್ತದೊತ್ತಡವು ಆ ಕ್ಷಣದಲ್ಲಿ ಅಪಾಯಕರವಾಗಿ ಏರುತ್ತದೆ. ಇಪ್ಪತ್ತರಲ್ಲಿ ಎತ್ತಿದ ಕಲ್ಲನ್ನು ಐವತ್ತೈದರಲ್ಲಿ ಜಾತ್ರೆಯ ಜನರೆದುರು ಎತ್ತಿ ತೋರಿಸುವ ಹಟ ಬೇಡ. ಹಗುರವಾದ ಸಾಮು, ಉಸಿರು ಕಟ್ಟದೆ ಮಾಡಿದರೆ, ಹಿತಕರವೇ ಆಗಿದೆ.

ಒತ್ತಡವು 180/110ರ ಆಸುಪಾಸಿನಲ್ಲಿದ್ದವರು, ನಡೆದಾಗ ಎದೆ ನೋಯುವವರು, ತಲೆ ಸುತ್ತುವವರು ವೈದ್ಯರನ್ನು ಕಂಡೇ ಮುಂದುವರಿಯತಕ್ಕದ್ದು. ನಡಿಗೆಯಿಂದ ಅಂಕಿ ಇಳಿಯಿತೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವವರು ಬಹಳ, ಇದು ಘಾತಕ. ಅದನ್ನು ಕಡಿಮೆ ಮಾಡುವ ನಿರ್ಣಯ ವೈದ್ಯರದು. ಊಟದ ವಿಷಯದಲ್ಲಿ ಇಷ್ಟೇ: ಜೋಳದ ರೊಟ್ಟಿಯಲ್ಲಿ ದೋಷವಿಲ್ಲ, ಅದರ ಪಕ್ಕದಲ್ಲಿ ಕುಳಿತ ರಂಜಕ, ಉಪ್ಪಿನಕಾಯಿ, ಹಪ್ಪಳಗಳಲ್ಲಿದೆ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಗೂ ಒಳಗೆ, ಉಪ್ಪು ಇರತಕ್ಕದ್ದು.

ನಮ್ಮ ಸೀಮೆಯ ಬಿಸಿಲು ಎಂಥದೆಂಬುದನ್ನು ಹೇಳಬೇಕಾಗಿಲ್ಲ. ಚೈತ್ರ-ವೈಶಾಖಗಳಲ್ಲಿ ಸೂರ್ಯೋದಯಕ್ಕೆ ಮೊದಲೇ ನಡಿಗೆ ಮುಗಿಯುವಂತಿರಬೇಕು. ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು ಬೇಸಗೆಯಲ್ಲಿ ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನು ಕೇಳಿಕೊಳ್ಳುವುದು ಕ್ಷೇಮ. ಒಬ್ಬರೇ ಹೊರಟರೆ ಎಂಟು ದಿನಕ್ಕೆ ಸೋಮಾರಿತನ ಗೆಲ್ಲುತ್ತದೆ. ನೆರೆಯವರಿಬ್ಬರನ್ನು ಕೂಡಿಕೊಂಡರೆ ಒಬ್ಬರಲ್ಲ ಒಬ್ಬರು ಬಂದು ಬಾಗಿಲು ಬಡಿಯುತ್ತಾರೆ. ನಡೆದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸುತ್ತ, ತಿಂಗಳಿಗೊಮ್ಮೆ ಐದು ನಿಮಿಷ ಸುಮ್ಮನೆ ಕುಳಿತ ಬಳಿಕ ಒತ್ತಡವನ್ನು ಅಳೆಯಿಸಿ, ಆ ಅಂಕಿಯನ್ನು ಅದೇ ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು. ವೈದ್ಯರ ಬಳಿಗೆ ಹೋಗುವಾಗ ಆ ಹಾಳೆ ಕೈಯಲ್ಲಿದ್ದರೆ ಔಷಧದ ಪ್ರಮಾಣವನ್ನು ಗೊತ್ತುಮಾಡಲು ಅವರಿಗೆ ಅನುಕೂಲ.